ರಾಕೆಟ್ ಸರ್ಕಾರದ್ದು, ಚಿತ್ರ ಯಾರದ್ದು? ಬಾಹ್ಯಾಕಾಶ ಪ್ರಸಾರದ ಬಗ್ಗೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ಕೇಬಲ್ ಚಾನೆಲ್‌ನಲ್ಲಿ ಕೆಲಸ ಮಾಡುತ್ತೇನೆ. ಹೂವಿನ ಮಾರುಕಟ್ಟೆ ದರ, ತಾಲ್ಲೂಕು ಪಂಚಾಯ್ತಿ ಸಭೆ, ಜಾತ್ರೆ, ಕೊಳವೆಬಾವಿ ಬತ್ತಿದ ಸುದ್ದಿ, ಇವು ನಮ್ಮ ದಿನದ ಕೆಲಸ. ರಾಕೆಟ್ ಹಾರುವ ದಿನ ಮಾತ್ರ ಎಲ್ಲ ಬಿಟ್ಟು ಅದನ್ನೇ ತೋರಿಸುತ್ತೇವೆ. ಚಂದ್ರಯಾನ-3 ಇಳಿದ ಮೇಲೆ ಜನ ಕೇಳುವ ಪ್ರಶ್ನೆಗಳು ಜಾಸ್ತಿಯಾದವು. ಟೀ ಅಂಗಡಿಯಲ್ಲಿ ಕೇಳುತ್ತಾರೆ, ಶಾಲೆಗೆ ಹೋದಾಗ ಕೇಳುತ್ತಾರೆ, ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ ನಿಲ್ಲಿಸಿ ಕೇಳುತ್ತಾರೆ. ಕೋಲಾರ, ತುಮಕೂರಿನಿಂದ ಪತ್ರ ಬರೆದವರೂ ಇದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

"ಸರ್ಕಾರಿ-ಖಾಸಗಿ ಪಾಲುದಾರಿಕೆ ಅಂದ್ರೆ ಟೋಲ್ ರಸ್ತೆ ಥರಾನಾ? ರಾಕೆಟ್‌ಗೂ ಅದಕ್ಕೂ ಏನ್ ಸಾರ್ ಸಂಬಂಧ?"

ಹೌದು, ಅದೇ ಥರ. ನಮ್ಮ ಪಕ್ಕದ ದೇವನಹಳ್ಳಿ ವಿಮಾನ ನಿಲ್ದಾಣವನ್ನೇ ತಗೊಳ್ಳಿ. ಅದರಲ್ಲಿ ಸರ್ಕಾರದ ಪಾಲೂ ಇದೆ, ಖಾಸಗಿ ಕಂಪನಿಗಳ ಪಾಲೂ ಇದೆ. ಬಾಹ್ಯಾಕಾಶವನ್ನು ಜನರಿಗೆ ತೋರಿಸುವುದರಲ್ಲೂ ಹಾಗೇ ಇಬ್ಬರು ಸೇರುತ್ತಾರೆ. ರಾಕೆಟ್, ಉಡಾವಣಾ ಕೇಂದ್ರ, ಗಗನಯಾತ್ರಿ, ನೌಕೆಯಿಂದ ಬರುವ ಮಾಹಿತಿ ಸರ್ಕಾರದ ಬಳಿ ಇರುತ್ತವೆ. ಸ್ಟುಡಿಯೊ, ಆ್ಯಪ್, ಜಾಹೀರಾತಿನ ದುಡ್ಡು, ಕೋಟಿಗಟ್ಟಲೆ ನೋಡುಗರು ಖಾಸಗಿಯವರ ಬಳಿ ಇರುತ್ತಾರೆ. ಇಬ್ಬರೂ ಕೂತು ಯಾರು ಏನು ಕೊಡಬೇಕು, ಯಾರಿಗೆ ಏನು ಸಿಗಬೇಕು ಅಂತ ಬರೆದುಕೊಳ್ಳುವುದೇ ಈ ಪಾಲುದಾರಿಕೆ.

ಒಂದು ವ್ಯತ್ಯಾಸ ಇದೆ. ಟೋಲ್ ಬೇಡ ಅಂದರೆ ಹಳ್ಳಿ ದಾರಿಯಲ್ಲಿ ಸುತ್ತಿ ಹೋಗಬಹುದು. ಚಂದ್ರನ ಮೇಲೆ ನೌಕೆ ಇಳಿಯುವ ಹೊತ್ತಿನ ಮಾಹಿತಿ ಬರುವುದು ಒಂದೇ ಕಡೆಯಿಂದ, ಒಂದೇ ಸಲ. ಅದನ್ನು ಒಬ್ಬರಿಗೇ ಬರೆದುಕೊಟ್ಟರೆ ಉಳಿದವರಿಗೆ ಸುತ್ತುದಾರಿ ಇಲ್ಲ. ಅದಕ್ಕೇ ಈ ಒಪ್ಪಂದಗಳಲ್ಲಿ ಏನಿದೆ ಅನ್ನುವುದರ ಮೇಲೆ ಎಲ್ಲರೂ ಕಣ್ಣಿಡಬೇಕು ಅಂತ ನಾನು ಹೇಳುತ್ತಿರುತ್ತೇನೆ.

"ಲೈವ್‌ನಲ್ಲಿ ಕಾಣೋ ಕ್ಯಾಮೆರಾ ಟೀವಿಯವರದ್ದಾ, ಇಸ್ರೋದವರದ್ದಾ?"

ಉಡಾವಣಾ ವೇದಿಕೆಯ ಹತ್ತಿರದ ಕ್ಯಾಮೆರಾ, ರಾಕೆಟ್ ಮೈಮೇಲಿನ ಕ್ಯಾಮೆರಾ ಇಸ್ರೋ ವ್ಯವಸ್ಥೆಯೊಳಗಿನವು. ಆ ಜಾಗಕ್ಕೆ ಖಾಸಗಿ ಚಾನೆಲ್‌ನವರು ಹೋಗುವ ಹಾಗಿಲ್ಲ. ಇಸ್ರೋ ಕೊಡುವ ಚಿತ್ರ ಅದರ ಯೂಟ್ಯೂಬ್‌ನಲ್ಲೂ ದೂರದರ್ಶನದಲ್ಲೂ ಬರುತ್ತದೆ. ಉಳಿದ ಚಾನೆಲ್‌ಗಳು ಅದನ್ನೇ ಎತ್ತಿಕೊಂಡು ತಮ್ಮ ನಿರೂಪಕರು, ಪಟ್ಟಿ, ಸಂಗೀತ ಸೇರಿಸಿ ಬಿಡುತ್ತವೆ. ಅಡುಗೆ ಒಂದೇ ಮನೆಯದು, ಬಡಿಸುವ ತಟ್ಟೆ ಬೇರೆ ಬೇರೆ.

ಇನ್ನೊಂದು ಸಂಗತಿ ಹೇಳಿದರೆ ಮಕ್ಕಳಿಗೆ ಬೇಜಾರಾಗುತ್ತೆ, ಆದರೂ ಹೇಳಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವಾಗ ನಾವು ಪರದೆಯಲ್ಲಿ ನೋಡಿದ್ದು ಚಂದ್ರನ ನೇರ ವಿಡಿಯೋ ಅಲ್ಲ. ನೌಕೆ ಕಳಿಸುತ್ತಿದ್ದ ಎತ್ತರ, ವೇಗದ ಅಂಕಿಗಳು ಮತ್ತು ಕಂಪ್ಯೂಟರ್‌ನಲ್ಲಿ ಮಾಡಿದ ಚಲಿಸುವ ಚಿತ್ರ. ನೌಕೆಯ ಕ್ಯಾಮೆರಾ ತೆಗೆದ ನಿಜವಾದ ದೃಶ್ಯಗಳನ್ನು ಇಸ್ರೋ ಆಮೇಲೆ ಬಿಡುಗಡೆ ಮಾಡಿತು. ಆ ಸಂಜೆ 6 ಗಂಟೆ 4 ನಿಮಿಷಕ್ಕೆ ನಮ್ಮನ್ನೆಲ್ಲ ಎದ್ದು ನಿಲ್ಲಿಸಿದ್ದು ಒಂದು ಗೆರೆ ಮತ್ತು ಕೆಲವು ಅಂಕಿಗಳು. ನನಗೆ ಅದು ಇವತ್ತಿಗೂ ಬೆರಗು.

"ಇಸ್ರೋ ನಡೆಯೋದು ನಮ್ಮ ತೆರಿಗೆ ದುಡ್ಡಲ್ಲಿ. ಹಾಗಾದ್ರೆ ಆ ವಿಡಿಯೋ ನಮ್ಮದೇ ತಾನೇ?"

ಮನಸ್ಸು ಹೌದು ಅನ್ನುತ್ತೆ, ಕಾನೂನು ಹಾಗೆ ಹೇಳುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಸರ್ಕಾರ ಮಾಡಿದ ಕೃತಿಯ ಮೊದಲ ಹಕ್ಕುದಾರ ಸರ್ಕಾರವೇ. ಆ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಇದಲ್ಲದೆ ಪ್ರಸಾರ ಮಾಡಿದ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷದ ಪ್ರತ್ಯೇಕ ಹಕ್ಕೂ ಇದೆ. ಅಮೆರಿಕದಲ್ಲಿ ಬೇರೆ ಪದ್ಧತಿ. ಅಲ್ಲಿ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಮಾಡಿದ ಕೃತಿಗೆ ಆ ದೇಶದಲ್ಲಿ ಹಕ್ಕುಸ್ವಾಮ್ಯವೇ ಇಲ್ಲ. ಹಾಗಾಗಿ ನಾಸಾದ ಹೆಚ್ಚಿನ ಚಿತ್ರಗಳನ್ನು ಪಠ್ಯಪುಸ್ತಕಕ್ಕೆ, ಕ್ಯಾಲೆಂಡರಿಗೆ ಧಾರಾಳವಾಗಿ ಬಳಸುತ್ತಾರೆ. ಅದರ ಲಾಂಛನವನ್ನು ಮಾತ್ರ ಮನಸ್ಸಿಗೆ ಬಂದಂತೆ ಹಾಕುವ ಹಾಗಿಲ್ಲ. ಗುತ್ತಿಗೆ ಕಂಪನಿ ತೆಗೆದ ಚಿತ್ರವಾದರೆ ಆ ಕಂಪನಿಗೆ ಹಕ್ಕು ಇರಬಹುದು.

ನಮ್ಮ ಕಾಯ್ದೆಯಲ್ಲೂ ಒಂದು ಬಾಗಿಲು ತೆರೆದಿದೆ. ಸುದ್ದಿ ವರದಿಗೆ, ವಿಮರ್ಶೆಗೆ ಹದವಾಗಿ ಬಳಸಿದರೆ ಉಲ್ಲಂಘನೆ ಅಲ್ಲ. ನಮ್ಮಂಥ ಸಣ್ಣ ಚಾನೆಲ್‌ಗಳು ನಿಂತಿರುವುದು ಆ ಬಾಗಿಲಲ್ಲೇ. ನಾಸಾ ಥರದ ತೆರೆದ ನಿಯಮ ಇಲ್ಲೂ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

"ಸರ್ಕಾರವೇ ತೋರಿಸಬಹುದಲ್ಲ, ಮಧ್ಯೆ ಖಾಸಗಿಯವರು ಯಾಕೆ?"

ತೋರಿಸಬಹುದು, ತೋರಿಸಿಯೂ ಇದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋ ನಾಸಾದ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಕಾರ್ಯಕ್ರಮ ಮುಟ್ಟಿಸಿತು. ನಮ್ಮ ರಾಜ್ಯದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಖಾಸಗಿ ಚಾನೆಲ್ ಅನ್ನುವುದೇ ಇಲ್ಲದ ಕಾಲ ಅದು.

ಆದರೆ ಕಥೆ ಹೇಳುವ ಕಲೆ ಬೇರೆ, ರಾಕೆಟ್ ಹಾರಿಸುವ ಕಲೆ ಬೇರೆ. 2019ರಲ್ಲಿ ಚಂದ್ರಯಾನ-2 ಇಳಿಯುವ ರಾತ್ರಿ ನ್ಯಾಷನಲ್ ಜಿಯೋಗ್ರಾಫಿಕ್ ಚಾನೆಲ್ ನಾಸಾದ ಮಾಜಿ ಗಗನಯಾತ್ರಿ ಜೆರ್ರಿ ಲಿನೆಂಜರ್ ಅವರನ್ನು ಕೂರಿಸಿಕೊಂಡು ನೇರ ಕಾರ್ಯಕ್ರಮ ಮಾಡಿತು. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಮನುಷ್ಯ ಪಕ್ಕದಲ್ಲಿ ಕೂತು ವಿವರಿಸಿದರೆ ಅದರ ತೂಕವೇ ಬೇರೆ. ಅಂಥ ಖರ್ಚು ಮಾಡುವ ಶಕ್ತಿ ಖಾಸಗಿಯವರಿಗಿದೆ. ಬರಲಿ, ಮಾಡಲಿ. ಮೂಲ ಚಿತ್ರಕ್ಕೆ ಬೀಗ ಹಾಕದಿದ್ದರೆ ಸಾಕು.

## ಹಿಂದೆ ಏನೇನಾಯ್ತು

"ಚಂದ್ರನ ಮೇಲೆ ಮೊದಲು ಕಾಲಿಟ್ಟದ್ದನ್ನ ಟೀವಿಯಲ್ಲಿ ತೋರಿಸಿದ್ದು ಯಾರು? ಆಗಲೂ ಕಂಪನಿಗಳಿದ್ವಾ?"

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. 1969ರ ಜುಲೈನಲ್ಲಿ ಅಪೊಲೊ 11 ಇಳಿದಾಗ ಏಣಿಯ ಪಕ್ಕದಲ್ಲಿದ್ದ ಕ್ಯಾಮೆರಾ ವೆಸ್ಟಿಂಗ್‌ಹೌಸ್ ಅನ್ನುವ ಖಾಸಗಿ ಕಂಪನಿ ಮಾಡಿದ್ದು. ಚಂದ್ರನಿಂದ ಚಿತ್ರ ಕಳಿಸಲು ರೇಡಿಯೊ ಅಲೆಗಳಲ್ಲಿ ಸಿಕ್ಕಿದ ಜಾಗ ತೀರಾ ಕಡಿಮೆ. ಅದಕ್ಕೆ ಅದು ಸೆಕೆಂಡಿಗೆ ಹತ್ತೇ ಚಿತ್ರ, ಒಂದೊಂದಕ್ಕೂ 320 ಗೆರೆ ಮಾತ್ರ ಕಳಿಸುತ್ತಿತ್ತು. ಮನೆಯ ಟೀವಿಗೆ ಅದು ಹೊಂದುತ್ತಿರಲಿಲ್ಲ. ಭೂಮಿಯಲ್ಲಿ ಏನು ಮಾಡಿದರು ಗೊತ್ತಾ? ಬಂದ ಚಿತ್ರವನ್ನು ಒಂದು ಪರದೆಯ ಮೇಲೆ ಮೂಡಿಸಿ, ಆ ಪರದೆಗೆ ಇನ್ನೊಂದು ಟೀವಿ ಕ್ಯಾಮೆರಾ ಹಿಡಿದರು! ನಾವು ಹಳೆಯ ಮದುವೆ ಕ್ಯಾಸೆಟ್ ಓಡಿಸಿ ಮೊಬೈಲ್‌ನಲ್ಲಿ ಹಿಡಿಯುತ್ತೇವಲ್ಲ, ಹಾಗೆ. ಜಗತ್ತು ನೋಡಿದ ಆ ಮಸುಕು ಚಿತ್ರ ಹೀಗೆ ಎರಡನೇ ಕೈಯದ್ದು.

ಚಿತ್ರ ಹಿಡಿದದ್ದು ಅಮೆರಿಕದ ಗೋಲ್ಡ್‌ಸ್ಟೋನ್ ಮತ್ತು ಆಸ್ಟ್ರೇಲಿಯದ ಹನಿಸಕಲ್ ಕ್ರೀಕ್, ಪಾರ್ಕ್ಸ್ ಕೇಂದ್ರಗಳ ಆಂಟೆನಾಗಳು. ಅಲ್ಲಿಂದ ಹ್ಯೂಸ್ಟನ್‌ಗೆ ಬಂದು, ಎಲ್ಲ ಟೀವಿ ಕಂಪನಿಗಳಿಗೂ ಒಟ್ಟಿಗೆ ಹೋಯಿತು. ಯಾರೊಬ್ಬರಿಗೂ ಏಕಸ್ವಾಮ್ಯ ಕೊಡಲಿಲ್ಲ. ಸುಮಾರು 60 ಕೋಟಿ ಜನ ನೋಡಿದರು ಎಂಬ ಅಂದಾಜಿದೆ. ನಮ್ಮ ದೇಶದಲ್ಲಿ ಆಗ ಟೀವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ನಮ್ಮ ಕಡೆಯವರಿಗೆ ರೇಡಿಯೊ ಮತ್ತು ಮರುದಿನದ ಪತ್ರಿಕೆಯೇ ಗತಿ.

ಇದರಲ್ಲಿ ಒಂದು ನೋವಿನ ಸಂಗತಿಯೂ ಇದೆ. ಹೀಗೆ ಬದಲಾಯಿಸುವ ಮೊದಲಿನ ಸ್ವಚ್ಛ ಚಿತ್ರ ಬೇರೆ ಟೇಪುಗಳಲ್ಲಿತ್ತು. ಮುಂದೆ ಟೇಪುಗಳ ಕೊರತೆ ಬಂದಾಗ ನಾಸಾ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಬಹುಪಾಲು ಇವೂ ಅದರಲ್ಲೇ ಹೋದವು ಅಂತ 2009ರಲ್ಲಿ ನಾಸಾವೇ ಹೇಳಿತು. ಕೊನೆಗೆ ಟೀವಿ ಕಂಪನಿಗಳ ಸಂಗ್ರಹದಲ್ಲಿ ಉಳಿದಿದ್ದ ಪ್ರತಿಗಳನ್ನು ಹುಡುಕಿ, ಖಾಸಗಿ ಸ್ಟುಡಿಯೊ ಒಂದರ ಕೈಯಲ್ಲಿ ಶುದ್ಧ ಮಾಡಿಸಬೇಕಾಯಿತು. ಸರ್ಕಾರದ ಕಪಾಟಿನಲ್ಲಿ ಇಲ್ಲದ್ದು ಖಾಸಗಿಯವರ ಕಪಾಟಿನಲ್ಲಿ ಸಿಕ್ಕಿತು. ಪ್ರತಿ ಹಲವರ ಹತ್ತಿರ ಇದ್ದರೆ ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

"ಗಗನಯಾತ್ರಿ ತನ್ನ ಕಥೆಯನ್ನ ಪತ್ರಿಕೆಗೆ ಮಾರ್ಕೋಬಹುದಾ?"

ಮಾರಿದ್ದಾರೆ. 1959ರಲ್ಲಿ ಅಮೆರಿಕದ ಮೊದಲ ಏಳು ಗಗನಯಾತ್ರಿಗಳು ತಮ್ಮ ಮನೆ-ಬದುಕಿನ ಕಥೆಯನ್ನು ಲೈಫ್ ಪತ್ರಿಕೆಗೆ 5 ಲಕ್ಷ ಡಾಲರಿಗೆ ಕೊಟ್ಟರು. ಉಳಿದ ಪತ್ರಕರ್ತರು ಸಿಟ್ಟಾದರು. ಜನರ ದುಡ್ಡಲ್ಲಿ ಹೋಗುವವರ ಕಥೆ ಒಂದೇ ಪತ್ರಿಕೆಗೆ ಯಾಕೆ ಅಂತ ಅವರ ಪ್ರಶ್ನೆ. ಗಗನಯಾತ್ರಿಗಳ ಕುಟುಂಬಗಳಿಗೂ ಒಂದು ನ್ಯಾಯ ಇತ್ತು. ಸಂಬಳ ಕಡಿಮೆ, ಜೀವಕ್ಕೆ ಅಪಾಯ, ಮನೆ ಮುಂದೆ ದಿನವಿಡೀ ಕ್ಯಾಮೆರಾ. ನನಗೆ ಇಬ್ಬರ ಮಾತೂ ಅರ್ಥವಾಗುತ್ತೆ. ಆದರೂ ಪತ್ರಕರ್ತರ ಕಡೆಗೇ ನನ್ನ ತಕ್ಕಡಿ ವಾಲುತ್ತದೆ.

"ಪತ್ರಕರ್ತರು ಯಾರಾದ್ರೂ ಆಕಾಶಕ್ಕೆ ಹೋಗಿದ್ದಾರಾ?"

ಹೋಗಿದ್ದಾರೆ. ಜಪಾನಿನ ಟಿಬಿಎಸ್ ಟೀವಿ ಕಂಪನಿ ಸೋವಿಯತ್ ಸರ್ಕಾರಕ್ಕೆ ಹಣ ಕಟ್ಟಿ, ತನ್ನ ಪತ್ರಕರ್ತ ತೊಯೊಹಿರೊ ಅಕಿಯಾಮಾ ಅವರನ್ನು 1990ರ ಡಿಸೆಂಬರ್‌ನಲ್ಲಿ ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿತು. ಅಲ್ಲಿಂದ ಅವರು ದಿನವೂ ವರದಿ ಮಾಡಿದರು. ಬಾಹ್ಯಾಕಾಶಕ್ಕೆ ಹೋದ ಮೊದಲ ಜಪಾನೀಯ ಅವರೇ. ವಿಜ್ಞಾನಿಗಿಂತ ಮೊದಲು ವರದಿಗಾರ ಹೋದ!

ಅಮೆರಿಕದಲ್ಲೂ ಪತ್ರಕರ್ತರನ್ನು ಕಳಿಸುವ ಯೋಜನೆ ಇತ್ತು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದು ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಜನ ತೀರಿಕೊಂಡರು. ಆ ಯೋಜನೆ ಅಲ್ಲಿಗೇ ನಿಂತಿತು. ದೊಡ್ಡ ಟೀವಿ ಕಂಪನಿಗಳು ಆ ಹೊತ್ತಿಗೆ ಉಡಾವಣೆಯನ್ನು ನೇರವಾಗಿ ತೋರಿಸುವುದನ್ನೇ ಬಿಟ್ಟಿದ್ದವು. ಸಿಎನ್‌ಎನ್ ತೋರಿಸುತ್ತಿತ್ತು. ಶಿಕ್ಷಕಿ ಹೋಗುತ್ತಿದ್ದಾರೆ ಅಂತ ನಾಸಾ ಶಾಲೆಗಳಿಗೆ ಉಪಗ್ರಹದ ಮೂಲಕ ನೇರ ಚಿತ್ರ ಕೊಟ್ಟಿತ್ತು. ತರಗತಿಯಲ್ಲಿ ಕೂತ ಮಕ್ಕಳು ಅದನ್ನು ಕಣ್ಣಾರೆ ನೋಡಿದರು. ಶಾಲೆಗಳಲ್ಲಿ ಲೈವ್ ಹಾಕುವಾಗಲೆಲ್ಲ ಇದು ನೆನಪಾಗುತ್ತೆ. ಶುರು ಮಾಡುವ ಮುಂಚೆಯೇ "ಇದು ಸೋಲಲೂಬಹುದು ಮಕ್ಕಳೇ" ಅಂತ ಹೇಳಿಯೇ ಹಾಕುತ್ತೇನೆ.

"ಇಂಥ ಒಪ್ಪಂದ ಮಾಡ್ಕೊಂಡು ಕೈ ಸುಟ್ಟುಕೊಂಡದ್ದು ಇದೆಯಾ?"

ಎರಡು ಉದಾಹರಣೆ ಹೇಳುತ್ತೇನೆ, ಒಂದು ಅಲ್ಲಿಯದು, ಒಂದು ನಮ್ಮದು.

2000ದ ಜೂನ್‌ನಲ್ಲಿ ನಾಸಾ ಡ್ರೀಮ್‌ಟೈಮ್ ಅನ್ನುವ ಹೊಸ ಕಂಪನಿ ಜೊತೆ ಕೈಜೋಡಿಸಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಎಚ್‌ಡಿ ಕ್ಯಾಮೆರಾ ಇಡುವುದು, ನಾಸಾದ ಹಳೆಯ ಚಿತ್ರ ಸಂಗ್ರಹವನ್ನು ಡಿಜಿಟಲ್ ಮಾಡುವುದು, ಬಂದ ಚಿತ್ರಗಳಿಂದ ವ್ಯಾಪಾರ ಮಾಡುವುದು ಯೋಜನೆ. ಕಂಪನಿ 10 ಕೋಟಿ ಡಾಲರ್ ಹಾಕುತ್ತೇನೆ ಅಂದಿತ್ತು. ಅದೇ ಹೊತ್ತಿಗೆ ಇಂಟರ್ನೆಟ್ ಕಂಪನಿಗಳ ಗುಳ್ಳೆ ಒಡೆಯಿತು. ಕೆಲವೇ ವರ್ಷದಲ್ಲಿ ಒಪ್ಪಂದವೂ ಮುರಿಯಿತು. ಮುಂದೆ 2007ರಲ್ಲಿ ನಾಸಾ ಲಾಭ ನೋಡದ ಇಂಟರ್ನೆಟ್ ಆರ್ಕೈವ್ ಸಂಸ್ಥೆ ಜೊತೆ ಸೇರಿ ಚಿತ್ರಗಳನ್ನು ಜನರಿಗೆ ತೆರೆದಿಟ್ಟಿತು. ಹಾಳಾಗಬಹುದಾದ ಹಳೆಯ ಸಂಗ್ರಹವನ್ನು ಹೊಸ ಕಂಪನಿಯ ಮಾರುಕಟ್ಟೆ ಲೆಕ್ಕಕ್ಕೆ ಕಟ್ಟಬಾರದು ಅನ್ನುವುದು ನನಗೆ ಕಂಡದ್ದು.

ನಮ್ಮದು ಇನ್ನೂ ಕಹಿ. 2005ರ ಜನವರಿಯಲ್ಲಿ ಇಸ್ರೋದ ವಾಣಿಜ್ಯ ಸಂಸ್ಥೆ ಆ್ಯಂಟ್ರಿಕ್ಸ್ ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡು ಉಪಗ್ರಹಗಳ ಎಸ್-ಬ್ಯಾಂಡ್ ಎಂಬ ತರಂಗಾಂತರದ ಸಾಮರ್ಥ್ಯ ಬಳಸಿ ಮೊಬೈಲ್‌ಗಳಿಗೆ ವಿಡಿಯೋ, ಆಡಿಯೋ ಮುಟ್ಟಿಸುವ ಯೋಜನೆ. 2011ರಲ್ಲಿ ಸರ್ಕಾರ ರದ್ದು ಮಾಡಿತು. ಆಮೇಲೆ ವಿದೇಶಿ ಮಧ್ಯಸ್ಥಿಕೆ, ಕೋರ್ಟು, ಕೋಟಿಗಟ್ಟಲೆ ಡಾಲರ್ ಪರಿಹಾರದ ಆದೇಶಗಳು. ವಂಚನೆ ನಡೆದಿದೆ ಎಂಬ ಕಾರಣಕ್ಕೆ ದೇವಾಸ್ ಕಂಪನಿಯನ್ನು ಮುಚ್ಚುವ ಆದೇಶವನ್ನು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಎತ್ತಿಹಿಡಿಯಿತು. ತರಂಗಾಂತರ ಅನ್ನುವುದು ಕೆರೆ ನೀರಿದ್ದ ಹಾಗೆ, ಊರಿನ ಆಸ್ತಿ. ಅದನ್ನು ಹಂಚುವ ಕಾಗದ ಊರಿನ ಮುಂದೆ ಓದಿ ಹೇಳುವ ಹಾಗಿರಬೇಕು.

## ದುಡ್ಡು ಮತ್ತು ಹಕ್ಕು

"ಬಾಹ್ಯಾಕಾಶದಲ್ಲಿ ಜಾಹೀರಾತು, ಸಿನಿಮಾ ಶೂಟ್ ಮಾಡ್ತಾರಂತೆ, ನಿಜಾನಾ? ಎಷ್ಟಾಗುತ್ತೆ?"

ನಿಜ. 1997ರಲ್ಲೇ ಇಸ್ರೇಲಿನ ಹಾಲಿನ ಕಂಪನಿಯೊಂದರ ಜಾಹೀರಾತು ಮಿರ್ ನಿಲ್ದಾಣದಲ್ಲಿ ತಯಾರಾಯಿತು. 2019ರಲ್ಲಿ ನಾಸಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ವಾಣಿಜ್ಯ ಕೆಲಸಕ್ಕೆ ತೆರೆದು ದರಪಟ್ಟಿ ಹಾಕಿತು. ಆಗ ಗಗನಯಾತ್ರಿಯ ಒಂದು ಗಂಟೆ ಕೆಲಸಕ್ಕೆ 17,500 ಡಾಲರ್ ಇತ್ತು. 2020ರಲ್ಲಿ ಎಸ್ಟೀ ಲಾಡರ್ ಕಂಪನಿ ತನ್ನ ಮುಖದ ಸೀರಮ್ ಬಾಟಲಿಗಳ ಚಿತ್ರ ತೆಗೆಸಲು 1,28,000 ಡಾಲರ್ ಕೊಟ್ಟಿತು. ಬಾಟಲಿ ಕಾಣಬಹುದು, ನಾಸಾದ ಗಗನಯಾತ್ರಿ ಅದನ್ನು ಹಿಡಿದು "ಕೊಳ್ಳಿ" ಅನ್ನುವ ಹಾಗಿಲ್ಲ. ಆ ಗೆರೆ ಸರಿಯಾದದ್ದು.

ಸಿನಿಮಾಗೆ ರಷ್ಯ ಮುಂದಾಯಿತು. ಅಲ್ಲಿನ ಸರ್ಕಾರಿ ಬಾಹ್ಯಾಕಾಶ ಸಂಸ್ಥೆ, ಒಂದು ಟೀವಿ ಚಾನೆಲ್, ಒಂದು ಸ್ಟುಡಿಯೊ ಸೇರಿ 2021ರ ಅಕ್ಟೋಬರ್‌ನಲ್ಲಿ ನಟಿ ಯುಲಿಯಾ ಪೆರೆಸಿಲ್ಡ್ ಮತ್ತು ನಿರ್ದೇಶಕ ಕ್ಲಿಮ್ ಶಿಪೆಂಕೊ ಅವರನ್ನು 12 ದಿನ ನಿಲ್ದಾಣಕ್ಕೆ ಕಳಿಸಿ ಚಿತ್ರೀಕರಣ ಮಾಡಿಸಿದವು.

"ನಾಸಾ ನೆಟ್‌ಫ್ಲಿಕ್ಸ್‌ಗೆ ಹೋಯ್ತಂತೆ. ಇನ್ಮೇಲೆ ದುಡ್ಡು ಕೊಟ್ಟೇ ನೋಡ್ಬೇಕಾ?"

ಬೇಕಿಲ್ಲ. 2023ರ ನವೆಂಬರ್‌ನಲ್ಲಿ ನಾಸಾ ತನ್ನದೇ ನಾಸಾ ಪ್ಲಸ್ ಸೇವೆ ಶುರು ಮಾಡಿತು. ಜಾಹೀರಾತು ಇಲ್ಲ, ಚಂದಾ ಇಲ್ಲ. 2025ರ ಜೂನ್ ಕೊನೆಗೆ ಅದರ ನೇರ ಪ್ರಸಾರಗಳು ನೆಟ್‌ಫ್ಲಿಕ್ಸ್‌ನಲ್ಲೂ ಸಿಗುತ್ತವೆ ಅಂತ ಘೋಷಿಸಿತು. ಆಗಲೇ ನಾಸಾದ ಸ್ವಂತ ಆ್ಯಪ್, ವೆಬ್‌ಸೈಟಿನಲ್ಲಿ ಉಚಿತವಾಗಿಯೇ ಇರುತ್ತದೆ ಅಂತಲೂ ಹೇಳಿತು. ಪಾಲುದಾರಿಕೆ ಹೀಗಿರಬೇಕು. ದೊಡ್ಡ ಅಂಗಡಿಯಲ್ಲೂ ಸಿಗಲಿ, ಮನೆ ಬಾಗಿಲಲ್ಲಿ ಪುಕ್ಕಟೆಯಾಗಿಯೂ ಸಿಗಲಿ.

"ಶುಭಾಂಶು ಶುಕ್ಲಾ ಹೋದಾಗ ಅಷ್ಟೊಂದು ಕಂಪನಿ ಹೆಸರು ಬರ್ತಿತ್ತಲ್ಲ, ಯಾಕೆ?"

2025ರ ಜೂನ್ 25ರಂದು ಅವರು ಹೋದ ಆಕ್ಸಿಯಂ-4 ಯಾನವೇ ಪಾಲುದಾರಿಕೆಯ ಗಂಟು. ಪ್ರಯಾಣ ಏರ್ಪಡಿಸಿದ್ದು ಆಕ್ಸಿಯಂ ಎಂಬ ಖಾಸಗಿ ಕಂಪನಿ, ರಾಕೆಟ್ ಸ್ಪೇಸ್‌ಎಕ್ಸ್‌ನದು, ನಿಲ್ದಾಣದಲ್ಲಿ ಆತಿಥ್ಯ ನಾಸಾದ್ದು, ಟಿಕೆಟ್ ಹಣ ಭಾರತ ಸರ್ಕಾರದ್ದು. ಹಾಗಾಗಿ ಪರದೆಯಲ್ಲಿ ಅಷ್ಟು ಲಾಂಛನ.

ನನಗೆ ಆ ಯಾನದಲ್ಲಿ ಇಷ್ಟವಾದದ್ದು ಬೇರೆ. ಶುಕ್ಲಾ ಅವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರಕ್ಕೆ ಬಂದಿದ್ದ ಮಕ್ಕಳ ಜೊತೆ ಹವ್ಯಾಸಿಗಳು ಬಳಸುವ ಹ್ಯಾಮ್ ರೇಡಿಯೊದಲ್ಲಿ ಮಾತಾಡಿದರು. ನಿಲ್ದಾಣ ನಮ್ಮ ತಲೆ ಮೇಲೆ ಹಾದುಹೋಗುವ ಹತ್ತೇ ನಿಮಿಷದಷ್ಟು ಸಮಯ. ಆ ಮಾತಿಗೆ ಆ್ಯಪ್ ಬೇಡ, ಚಂದಾ ಬೇಡ. ಒಬ್ಬರ ಧ್ವನಿ ಮೇಲಿಂದ ಕೆಳಗೆ ಬರುತ್ತೆ, ಅಷ್ಟೇ.

"ನಮ್ಮನೆ ಡಿಶ್‌ಗೂ ಇಸ್ರೋಗೂ ಏನಾದ್ರೂ ಸಂಬಂಧ ಇದೆಯಾ?"

ಟಾಟಾ ಪ್ಲೇ ಡಿಶ್ ಆದರೆ ಖಂಡಿತ ಇದೆ. ಜಿಸ್ಯಾಟ್-24 ಉಪಗ್ರಹವನ್ನು ಇಸ್ರೋ ತಯಾರಿಸಿತು, 2022ರ ಜೂನ್‌ನಲ್ಲಿ ಯುರೋಪಿನ ಏರಿಯಾನ್ ರಾಕೆಟ್ ಅದನ್ನು ದಕ್ಷಿಣ ಅಮೆರಿಕದ ಕೂರು ಎಂಬ ಕೇಂದ್ರದಿಂದ ಹೊತ್ತೊಯ್ದಿತು. ಅದರ ಪೂರ್ತಿ ಸಾಮರ್ಥ್ಯವನ್ನು ಟಾಟಾ ಪ್ಲೇ ಬಾಡಿಗೆಗೆ ಪಡೆಯಿತು. ಇದನ್ನು ನಡೆಸಿದ್ದು 2019ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಎನ್‌ಎಸ್‌ಐಎಲ್. ಮೊದಲು ಗಿರಾಕಿ ಹುಡುಕಿ, ಆಮೇಲೆ ಉಪಗ್ರಹ ಮಾಡುವ ಪದ್ಧತಿ ಇದು. ಲೆಕ್ಕ ಸ್ಪಷ್ಟ, ಗೊಂದಲ ಕಡಿಮೆ.

## ನಾವೇ ತೋರಿಸಲು ಹೊರಟರೆ

"ನಮ್ಮ ಶಾಲೆಯಲ್ಲಿ ದೊಡ್ಡ ಪರದೆ ಹಾಕಿ ಲೈವ್ ತೋರಿಸಬಹುದಾ? ಯಾರಾದ್ರೂ ಕೇಸ್ ಹಾಕ್ತಾರಾ?"

ಧೈರ್ಯವಾಗಿ ತೋರಿಸಿ. ಮಕ್ಕಳು, ಶಿಕ್ಷಕರು, ಪೋಷಕರ ಮುಂದೆ ಶಾಲೆಯ ಕಲಿಕೆಗೆ ತೋರಿಸುವುದಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಟಿಕೆಟ್ ಇಡಬೇಡಿ. ಪರದೆ ಪಕ್ಕದಲ್ಲಿ ಅಂಗಡಿಯವರ ಬ್ಯಾನರ್ ಕಟ್ಟಿ ದುಡ್ಡು ತಗೋಬೇಡಿ, ಆಗ ಅದು ಬೇರೆ ವಿಷಯವಾಗುತ್ತೆ. ಇಸ್ರೋದ ಸ್ವಂತ ಲಿಂಕ್ ಅನ್ನೇ ಹಾಕಿ. ಅರ್ಧ ಗಂಟೆ ಮುಂಚೆಯೇ ತೆರೆದಿಡಿ, ಯುಪಿಎಸ್ ಚಾರ್ಜ್ ನೋಡಿಕೊಳ್ಳಿ.

"ನಂದೊಂದು ಯೂಟ್ಯೂಬ್ ಚಾನೆಲ್ ಇದೆ. ಲೈವ್ ಹಾಕಿದ್ರೆ ಸ್ಟ್ರೈಕ್ ಬರುತ್ತಾ?"

ಬರಬಹುದು. ಬೇರೆಯವರ ಚಿತ್ರ ಬಳಸಿದ್ದಕ್ಕೆ ಯೂಟ್ಯೂಬ್ ಕೊಡುವ ಎಚ್ಚರಿಕೆಯೇ ಸ್ಟ್ರೈಕ್. ನಮಗೆ ಆದದ್ದನ್ನು ಹೇಳುತ್ತೇನೆ.

ಚಂದ್ರಯಾನ-3 ಇಳಿಯುವ ಸಂಜೆ. ಪೆರೇಸಂದ್ರದ ಕಡೆಯ ಒಂದು ಸರ್ಕಾರಿ ಶಾಲೆಯವರು ನಮ್ಮ ಚಾನೆಲ್‌ನ ಯೂಟ್ಯೂಬ್ ಲೈವ್ ಅನ್ನೇ ಪ್ರೊಜೆಕ್ಟರ್‌ಗೆ ಹಾಕಿಕೊಂಡಿದ್ದರು. ನಾವು ಕನ್ನಡದಲ್ಲಿ ವಿವರಿಸುತ್ತಿದ್ದೆವು. ಇಸ್ರೋ ಲಿಂಕ್‌ನಲ್ಲಿ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಜನ ಇದ್ದ ಹೊತ್ತು ಅದು. ನಮ್ಮ ಆಫೀಸಿನ ಇಂಟರ್ನೆಟ್‌ನಲ್ಲಿ ಅದು ಸುತ್ತುತ್ತಾ ನಿಂತಿತು. ಗಾಬರಿಯಲ್ಲಿ ನಮ್ಮ ಹುಡುಗ ಒಂದು ದೊಡ್ಡ ಖಾಸಗಿ ಚಾನೆಲ್‌ನ ಚಿತ್ರ ಎಳೆದುಕೊಂಡ. ಅದರ ಕೆಳಗೆ ಅವರ ಪಟ್ಟಿ, ಹಿಂದೆ ಅವರ ಸಂಗೀತ. 5 ಗಂಟೆ 58 ನಿಮಿಷಕ್ಕೆ ನಮ್ಮ ಲೈವ್ ಕಪ್ಪಾಯಿತು. ಯೂಟ್ಯೂಬಿನ ಯಂತ್ರ ತಾನೇ ಹೋಲಿಸಿ ನೋಡಿ ಕಡಿದುಹಾಕಿತ್ತು. ಶಾಲೆಯಲ್ಲಿ ಮುಖ್ಯ ಶಿಕ್ಷಕಿ ಮೇಡಂ ತಡಮಾಡಲಿಲ್ಲ. ತಮ್ಮ ಮೊಬೈಲ್‌ನಲ್ಲಿ ದೂರದರ್ಶನ ಹಾಕಿ, ಫೋನನ್ನು ಮೈಕಿನ ಬಾಯಿಗೆ ಹಿಡಿದು ನಿಂತರು. ಮಕ್ಕಳು ಕಪ್ಪು ಪರದೆ ನೋಡುತ್ತಾ, ಬೆಂಗಳೂರಿನ ನಿಯಂತ್ರಣ ಕೊಠಡಿಯ ಚಪ್ಪಾಳೆಯನ್ನು ಕಿವಿಯಲ್ಲಿ ಕೇಳಿದರು. ಮರುದಿನ ನಾನು ಹೋಗಿ ಕ್ಷಮೆ ಕೇಳಿದೆ. "ಚಪ್ಪಾಳೆ ಕೇಳಿಸ್ತಲ್ಲ ಸಾರ್, ಬಿಡಿ" ಅಂದಳು ಏಳನೇ ತರಗತಿ ಹುಡುಗಿ. ನನಗೆ ಮಾತು ಹೊರಡಲಿಲ್ಲ.

ಆವತ್ತಿನಿಂದ ನಮ್ಮ ನಿಯಮ ಒಂದೇ. ಮೂಲ ಸಂಸ್ಥೆಯ ಚಿತ್ರ ಬಿಟ್ಟು ಬೇರೆ ಚಾನೆಲ್‌ನದ್ದನ್ನು ಮುಟ್ಟುವುದಿಲ್ಲ. ಮಾತು ನಮ್ಮದೇ ಇರಬೇಕು. ಸಂಗೀತ ಹಾಕುವುದಿಲ್ಲ. ಚಿತ್ರದ ಮೂಲ ಯಾರದ್ದು ಅಂತ ಪರದೆಯಲ್ಲೇ ಬರೆಯುತ್ತೇವೆ. ಎರಡು ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಇಟ್ಟುಕೊಂಡಿದ್ದೇವೆ.

"ಶ್ರೀಹರಿಕೋಟಕ್ಕೆ ಹೋಗಿ ನಾವೇ ಶೂಟ್ ಮಾಡಬಹುದಾ? ಕೋಲಾರದಿಂದ ದೂರವೇನೂ ಇಲ್ಲ ಅಲ್ವಾ?"

ದಾರಿ ಸಲೀಸು. ಮುಳಬಾಗಿಲು, ಪಲಮನೇರು, ಚಿತ್ತೂರು, ತಿರುಪತಿ, ಶ್ರೀಕಾಳಹಸ್ತಿ ದಾಟಿ ಸೂಳ್ಳೂರುಪೇಟೆ. 2019ರಲ್ಲಿ ಅಲ್ಲಿ ಸಾರ್ವಜನಿಕರಿಗಾಗಿ ಗ್ಯಾಲರಿ ತೆರೆದರು. ಐದು ಸಾವಿರ ಜನ ಕೂರಬಹುದಾದ ಜಾಗ. ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ಗುರುತಿನ ಚೀಟಿ ಬೇಕು. ದೊಡ್ಡ ಉಡಾವಣೆಗಳಿಗೆ ಬೇಗ ಭರ್ತಿಯಾಗುತ್ತೆ. ದಿನಾಂಕ ಮುಂದೆ ಹೋಗುವುದು ಮಾಮೂಲು, ಹಾಗಾಗಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೊರಡಿ. ನೀವು ತೆಗೆದ ಚಿತ್ರ ನಿಮ್ಮದೇ, ಅದಕ್ಕೆ ಸ್ಟ್ರೈಕ್ ಭಯವಿಲ್ಲ.

## ಇನ್ನೂ ಆಳಕ್ಕೆ ಇಳಿದವರು ಕೇಳಿದ್ದು

"ನಾಳೆ ಖಾಸಗಿ ರಾಕೆಟ್‌ಗಳೇ ಜಾಸ್ತಿಯಾದ್ರೆ? ಅವರು ತೋರಿಸಲ್ಲ ಅಂದ್ರೆ ಏನ್ ಮಾಡೋದು?"

ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕೇಳಿದ್ದು, ಸರಿಯಾದ ಜಾಗಕ್ಕೆ ಕೈ ಹಾಕಿದ್ದಾನೆ. 2022ರ ನವೆಂಬರ್ 18ರಂದು ಸ್ಕೈರೂಟ್ ಕಂಪನಿಯ ವಿಕ್ರಮ್-ಎಸ್ ಹಾರಿತು. 2024ರ ಮೇ 30ರಂದು ಅಗ್ನಿಕುಲ್ ತನ್ನ ರಾಕೆಟ್ ಹಾರಿಸಿತು. ಎರಡೂ ಶ್ರೀಹರಿಕೋಟದಿಂದಲೇ. ಖಾಸಗಿಯವರಿಗೆ ಅನುಮತಿ ಕೊಡುವುದು 2020ರಲ್ಲಿ ರೂಪುಗೊಂಡ ಇನ್-ಸ್ಪೇಸ್ ಸಂಸ್ಥೆ. 2023ರ ಬಾಹ್ಯಾಕಾಶ ನೀತಿ ಅವರಿಗೆ ಇನ್ನಷ್ಟು ಬಾಗಿಲು ತೆರೆಯಿತು.

ಖಾಸಗಿ ಕಂಪನಿ ತನ್ನ ಸ್ವಂತ ಹಣದಲ್ಲಿ ಹಾರಿಸಿದ್ದನ್ನು ಎಲ್ಲಿ ತೋರಿಸಬೇಕು ಅನ್ನುವುದು ಅದರ ಇಷ್ಟ. 2023ರಲ್ಲಿ ಸ್ಪೇಸ್‌ಎಕ್ಸ್ ತನ್ನ ನೇರ ಪ್ರಸಾರಗಳನ್ನು ಯೂಟ್ಯೂಬ್‌ನಿಂದ ಎಕ್ಸ್‌ಗೆ ಸಾಗಿಸಿತು. ಯಾರೂ ತಡೆಯಲಿಲ್ಲ, ತಡೆಯುವ ಹಾಗೂ ಇರಲಿಲ್ಲ. ಆದರೆ ಅದೇ ಕಂಪನಿ ನಾಸಾದ ಗಗನಯಾತ್ರಿಗಳನ್ನು ಒಯ್ಯುವಾಗ ನಾಸಾದ ಸ್ವಂತ ಪ್ರಸಾರದಲ್ಲೂ ಜನ ನೋಡುತ್ತಾರೆ. ಸರ್ಕಾರದ ದುಡ್ಡು, ಸರ್ಕಾರದ ಜಾಗ, ಸರ್ಕಾರದ ಉಪಕರಣ ಎಲ್ಲಿ ಬಳಕೆಯಾಗುತ್ತೋ ಅಲ್ಲಿ ಜನರಿಗೂ ಚಿತ್ರ ಸಿಗಬೇಕು ಅನ್ನುವ ಷರತ್ತನ್ನು ಅನುಮತಿ ಪತ್ರದಲ್ಲೇ ಬರೆಯಬಹುದು. ಕಂಪನಿಗಳು ಸಣ್ಣವಿರುವ ಈಗಲೇ ಬರೆದರೆ ಸುಲಭ.

"ನಿಮ್ಮನ್ನೇ ಒಪ್ಪಂದಕ್ಕೆ ಕೂರಿಸಿದ್ರೆ ಏನ್ ಬರೆಸ್ತೀರಿ?"

ಮೊದಲನೆಯದು, ಪಟ್ಟಿ-ಲಾಂಛನ-ಸಂಗೀತ ಇಲ್ಲದ ಶುದ್ಧ ಚಿತ್ರ ಎಲ್ಲರಿಗೂ ಅದೇ ಕ್ಷಣಕ್ಕೆ ಸಿಗಬೇಕು. ದೊಡ್ಡ ಚಾನೆಲ್‌ಗೆ ಕೊಟ್ಟ ಹೊತ್ತಿಗೇ ನಮಗೂ, ಬೂದಿಕೋಟೆಯ ಸಮುದಾಯ ರೇಡಿಯೊದವರಿಗೂ. ಬೂದಿಕೋಟೆ ಹೆಸರು ಸುಮ್ನೆ ಹೇಳಲಿಲ್ಲ. ಬಂಗಾರಪೇಟೆ ತಾಲ್ಲೂಕಿನ ಆ ಊರಿನವರು ಹಳ್ಳಿಗರಿಗೆ ರೇಡಿಯೊ ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ತಂತಿಯಲ್ಲೇ ಧ್ವನಿ ಕಳಿಸಿ "ನಮ್ಮ ಧ್ವನಿ" ನಡೆಸಿದವರು. ಅಂಥವರಿಗೆ ಚಿತ್ರ, ಧ್ವನಿ ಸಿಕ್ಕರೆ ಏನು ಮಾಡಬಹುದು ಅಂತ ಅವರು ಆಗಲೇ ತೋರಿಸಿದ್ದಾರೆ.

ಎರಡನೆಯದು ಭಾಷೆ. ಪಾಲುದಾರ ಕಂಪನಿ ಲಾಭ ಮಾಡಲಿ, ಬದಲಿಗೆ ಕನ್ನಡದಂಥ ಭಾಷೆಗಳಲ್ಲಿ ನೇರ ವಿವರಣೆಯ ಖರ್ಚನ್ನು ಅದು ಹೊರಲಿ. ಬರೀ ಅನುವಾದ ಅಲ್ಲ, ವಿಷಯ ಗೊತ್ತಿರುವ ಕನ್ನಡದವರು ಮಾತಾಡಬೇಕು. ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ, ಬ್ಯಾಲಾಳಿನ 32 ಮೀಟರ್ ಆಂಟೆನಾ ಹತ್ತಿರ ಕನ್ನಡ ಮಾತಾಡುವವರಿಗೆ ಕೊರತೆಯೇ?

ಆಮೇಲೆ ಸಂಗ್ರಹ. ಒಂದು ಪ್ರತಿ ಸರ್ಕಾರದ ಬಳಿ, ಒಂದು ಪ್ರತಿ ಬೇರೆ ಊರಿನ ಸಾರ್ವಜನಿಕ ಸಂಸ್ಥೆಯ ಬಳಿ. ಕಂಪನಿ ಮುಚ್ಚಿದರೆ ಹಕ್ಕು ತಾನಾಗಿ ಜನರ ಕಡೆ ಬರಬೇಕು.

ಕೊನೆಯದರ ಮೇಲೆ ನಾನು ಪಟ್ಟು ಹಿಡಿಯುತ್ತೇನೆ. ಸೋಲನ್ನೂ ತೋರಿಸಬೇಕು. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ವಿಕ್ರಮ್ ನೌಕೆ 2.1 ಕಿ.ಮೀ. ಎತ್ತರದವರೆಗೆ ಸರಿಯಾಗಿ ಇಳಿಯಿತು, ಆಮೇಲೆ ಸಂಪರ್ಕ ಕಡಿಯಿತು. ನಿಯಂತ್ರಣ ಕೊಠಡಿಯ ಆ ಮೌನವನ್ನು ದೇಶ ನೇರವಾಗಿ ನೋಡಿತು. ನಾಲ್ಕು ವರ್ಷ ಬಿಟ್ಟು ಬಂದ ಸಂತೋಷ ಅಷ್ಟು ದೊಡ್ಡದಾಗಲು ಅದೂ ಕಾರಣ. ಜಾಹೀರಾತುದಾರರಿಗೆ ಸೋಲು ಬೇಡ. ಅವರ ಮಾತು ಕೇಳಿ, ನಮ್ಮವರನ್ನು ಬಾಹ್ಯಾಕಾಶಕ್ಕೆ ಒಯ್ಯುವ ಗಗನಯಾನದ ದಿನ ಪರದೆ ಎಳೆದುಬಿಟ್ಟರೆ ಜನ ಗೆಲುವನ್ನೂ ನಂಬುವುದಿಲ್ಲ.

"ನಮ್ಮ ಜಿಲ್ಲೆಗಳಲ್ಲಿ ತೋರಿಸೋಕೆ ಏನಿದೆ? ಎಲ್ಲಾ ಬೆಂಗಳೂರು, ಶ್ರೀಹರಿಕೋಟದಲ್ಲೇ ಅಲ್ವಾ?"

ಹಾಗಂದುಕೊಂಡೇ ನಾವು ಇಷ್ಟು ವರ್ಷ ಕಳೆದೆವು. ಗೌರಿಬಿದನೂರಿನ ಹತ್ತಿರ 1976ರಿಂದ ಆಕಾಶದ ರೇಡಿಯೊ ಅಲೆಗಳನ್ನು ಹಿಡಿಯುವ ರೇಡಿಯೊ ದೂರದರ್ಶಕ ಇದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಬಯಲಿನ ತುಂಬ ಸಾವಿರ ತಂತಿ ಆಂಟೆನಾ. ಸೂರ್ಯನನ್ನು ನೋಡುವ ರೇಡಿಯೊಹೀಲಿಯೊಗ್ರಾಫ್ ಕೂಡ ಅಲ್ಲೇ ಇದೆ. ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಅದೇ ತಾಲ್ಲೂಕಿನ ಹೊಸೂರಿನವರು. ಕೋಲಾರದ ಕೆಜಿಎಫ್‌ಗೆ ಬನ್ನಿ. ಚಿನ್ನದ ಗಣಿಯಲ್ಲಿ ನೆಲದಿಂದ 2 ಕಿ.ಮೀ.ಗೂ ಆಳದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ತುಮಕೂರಿನಲ್ಲಿ ಕೈಗಡಿಯಾರ ಮಾಡುತ್ತಿದ್ದ ಎಚ್‌ಎಂಟಿ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಗೆ ಹೋಗಿದೆ. ಅಲ್ಲಿ ಗಡಿಯಾರದ ಪುಟ್ಟ ಚಕ್ರ ಕೂರಿಸಿದ ಕೈಗಳು ಎಷ್ಟೋ ಮನೆಗಳಲ್ಲಿವೆ.

ಇವಕ್ಕೆ ಯಾವ ದೊಡ್ಡ ಕಂಪನಿಯ ಒಪ್ಪಂದವೂ ಬೇಡ. ಸಂಸ್ಥೆಯ ಅನುಮತಿ, ಒಂದು ಕ್ಯಾಮೆರಾ, ಕೂತು ಕೇಳುವ ತಾಳ್ಮೆ ಸಾಕು. ನಾವು ಗೌರಿಬಿದನೂರಿನಿಂದ ಶುರು ಮಾಡುತ್ತಿದ್ದೇವೆ. ಆ ಬಯಲಲ್ಲಿ ಕಂಬ ನೆಟ್ಟವರು, ತಂತಿ ಎಳೆದವರು, ರಾತ್ರಿ ಕಾವಲಿದ್ದವರು ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಇದ್ದರೆ ನಮಗೆ ತಿಳಿಸಿ. ಮೊದಲ ಸಂದರ್ಶನ ಅವರದ್ದೇ.